ಆಯಿ ಓದಿದ ಐತವಾರ

ನಮ್ಮ ಆಯಿಯ ತವರು ಸುರಪುರ ಕಡೆಯ ಹಳ್ಳಿ, ಕೊಟ್ಟದ್ದು ಶಹಾಪುರಕ್ಕೆ. ತವರಿನ ಸುದ್ದಿ ತೆಗೆದರೆ ಸಾಕು, ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್‌ನಿಂದ ಶುರುಮಾಡಿ ಕೃಷ್ಣಾ ನದಿಯ ಮೀನಿನ ಸಾರಿನ ತನಕ ಹೇಳಿಯೇ ಬಿಡಬೇಕು. ಜನ್ಮವೆಲ್ಲ ಹೆರವರ ಹೊಲದಲ್ಲಿ ಕಳೆ ತೆಗೆದು, ಶೇಂಗಾ ಕಿತ್ತು ನಡ ಬಾಗಿತ್ತು. ಮಾತು ಮಾತ್ರ ನೆಟ್ಟಗೆ.

ನಮ್ಮ ಮನೆತನ ಕ್ರಿಸ್ತನನ್ನು ನಂಬಿದ್ದು ನಿಜಾಮರ ಕಾಲಕ್ಕೆ. ಅಮೆರಿಕದ ಮೆಥಡಿಸ್ಟ್ ಮಿಷನ್ನಿನವರು ಯಾದಗಿರಿ ಸುತ್ತಮುತ್ತ ನಮ್ಮಂಥ ದಲಿತರ ಕೇರಿಗಳಿಗೆ ಬಂದು ಹೋಗಿ ಮಾಡುತ್ತಿದ್ದರಂತೆ. ಆಯಿ ಇದನ್ನೆಲ್ಲ ಕೇಳಿದ್ದಳು, ಆದರೆ ಅವಳ ಎದೆಗೆ ನಾಟಿದ ಸಂಗತಿ ಬೇರೆ. ಯಾದಗಿರಿಯ ಹೋಲ್‌ಸ್ಟನ್ ಆಸ್ಪತ್ರೆಗೆ ಹೆರಿಗೆಗೆ ಹೋದಾಗ ನರ್ಸಮ್ಮ ಅವಳ ಮುಂಗೈ ಹಿಡಿದು ನಾಡಿ ನೋಡಿದ್ದಳಂತೆ. “ಹಿಂದ ಮುಂದ ನೋಡ್ಲಿಲ್ಲ ಆಕಿ, ನನ್ನ ಕೈ ಹಿಡದ್ಲು” ಎಂದು ಆಯಿ ಎಷ್ಟು ಸಲ ಹೇಳಿದ್ದಾಳೋ! ಆಗ ಹುಟ್ಟಿದ್ದು ನಮ್ಮಪ್ಪನೋ ಕಾಕಾನೋ ಎಂಬುದು ಅವಳ ಮಾತಿನಲ್ಲಿ ಒಂದೊಂದು ಸಲ ಒಂದೊಂದು ಬಗೆ.

ಅಕ್ಷರ ಬಂದದ್ದು ಮುಪ್ಪಿನಲ್ಲಿ. ಸಭೆಯ ಟೀಚರಮ್ಮ ಒಬ್ಬರು ರಾತ್ರಿ ಊಟವಾದ ಮೇಲೆ ಬಂದು, ನಮ್ಮ ಕಟ್ಟೆಯ ಮೇಲೆ ಕಂದೀಲಿಟ್ಟು ಕಲಿಸುತ್ತಿದ್ದರು. ಹೊರಡುವಾಗ ಆಯಿ ಅವರಿಗೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಕಟ್ಟಿಕೊಡುವಳು. ಪುಂಡಿಪಲ್ಯದ ಮಾತು ಬಂತು, ಹೇಳಿಬಿಡುತ್ತೇನೆ. ಸೊಪ್ಪಿಗೆ ಜೋಳದ ನುಚ್ಚು ಹಾಕಿ ಕುದಿಸಿ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಜಜ್ಜಿ ಬೆರೆಸುತ್ತಿದ್ದಳು. ಅದನ್ನು ಮರುದಿನ ತಂಗಳು ರೊಟ್ಟಿಯ ಜೊತೆ ತಿನ್ನಬೇಕು. ಅಂಥ ರುಚಿ ಮತ್ತೆ ನನ್ನ ನಾಲಿಗೆಗೆ ಸಿಕ್ಕಿಲ್ಲ.

ಇರಲಿ. ಒಂದು ಬ್ಯಾಸಿಗಿ, ಯಾವ ವರ್ಷವೋ ನೆನಪಿಲ್ಲ. ಶಹಾಪುರದ ಬ್ಯಾಸಿಗಿ ನಿಮಗೆ ಗೊತ್ತಲ್ಲ, ಮಲಗಿದ ಬುದ್ಧನ ಗುಡ್ಡ ಕಾದು ರಾತ್ರಿಯೂ ಧಗೆ ಉಗುಳುತ್ತದೆ. ಆ ಐತವಾರ ವಾಕ್ಯ ಓದುವವಳು ಆಯಿ ಎಂದು ಪಾಸ್ಟರ್ ಅಯ್ಯನವರು ಮೊದಲೇ ಹೇಳಿದ್ದರು. ಲೂಕನ ಸುವಾರ್ತೆಯ ಹದಿಮೂರನೇ ಅಧ್ಯಾಯ. ಹದಿನೆಂಟು ವರ್ಷ ನಡ ಬಾಗಿ, ಮೇಲೆ ನೋಡಲಾಗದ ಹೆಂಗಸನ್ನು ಯೇಸು ತಾನಾಗಿ ಕರೆದು ನೆಟ್ಟಗೆ ಮಾಡುತ್ತಾನೆ. ಸಬ್ಬತ್ ಎಂಬ ಬಿಡುವಿನ ದಿನ ಇದೇನು ಕೆಲಸವೆಂದು ದೊಡ್ಡವರು ಸಿಟ್ಟಾದರೆ, ಈಕೆ ಅಬ್ರಹಾಮನ ಮಗಳಲ್ಲವೇ ಎಂದು ಅವರ ಎದುರಿಗೇ ಕೇಳುತ್ತಾನೆ.

ಆಯಿ ಮದುವೆ ಮುಂಜಿಗೆ ಉಡುವ ಇಳಕಲ್ಲ ಸೀರೆ ಉಟ್ಟು ಬಂದಳು. ಬಣ್ಣ ಹಸಿರಿದ್ದಿರಬೇಕು. ಅಕ್ಷರದ ಕೆಳಗೆ ಬೆರಳಿಟ್ಟು ಓದತೊಡಗಿದಳು. ಆ ಬೆರಳಿನ ಉಗುರು ಅರ್ಧ ಸೀಳಿತ್ತು, ಸಂದಿನಲ್ಲಿ ಎರೆಮಣ್ಣು ಕಪ್ಪಗೆ ಕೂತಿತ್ತು. ಒತ್ತಕ್ಷರ ಬಂದಲ್ಲಿ ನಿಲ್ಲುವಳು. ‘ಸಬ್ಬತ್’ ಎನ್ನುವಲ್ಲಿ ನಿಂತವಳು ಬಹಳ ಹೊತ್ತು ನಿಂತಳು. ಮುಂದಿನ ಸಾಲಿನಲ್ಲಿ ಕೂತಿದ್ದ ನನ್ನ ಬಾಯಿಗೆ ಆ ಶಬ್ದ ಬಂದೇಬಿಟ್ಟಿತ್ತು, ಟೀಚರಮ್ಮ ಕಣ್ಣು ಬಿಟ್ಟರು. ಆಯಿ ತಾನೇ ಕೂಡಿಸಿಕೊಂಡು ಹೇಳಿದಳು. ಕೊನೆಗೆ ಅಬ್ರಹಾಮನ ಮಗಳೆಂಬ ಮಾತಿಗೆ ಬಂದಾಗ ಅದನ್ನು ಎರಡು ಸಲ ಓದಿದಳು. ತಪ್ಪಿ ಓದಿದ್ದಲ್ಲ ಅದು.

ಆ ಮಾತು ನಮ್ಮಂಥವರಿಗೆ ಎಷ್ಟು ಬೇಕಾಗಿತ್ತು ಎಂದು ತಿಳಿಯಲು ನಮ್ಮ ಕಾಕಾನ ಸಂಕಟ ಗೊತ್ತಿರಬೇಕು. 1950ರ ರಾಷ್ಟ್ರಪತಿ ಆದೇಶದಂತೆ ಕ್ರೈಸ್ತನಾದ ದಲಿತನಿಗೆ ಪರಿಶಿಷ್ಟ ಜಾತಿಯ ಸ್ಥಾನವಿಲ್ಲ. ಸಿಖ್ಖರನ್ನು 1956ರಲ್ಲಿ, ಬೌದ್ಧರನ್ನು 1990ರಲ್ಲಿ ಸೇರಿಸಿದರು, ನಮ್ಮನ್ನು ಸೇರಿಸಲಿಲ್ಲ. ಕಾಗದ ನಮ್ಮ ಜಾತಿ ಮರೆತರೂ ಊರು ಮರೆಯಲಿಲ್ಲ. ಅರ್ಜಿಯಲ್ಲಿ ಏನು ಬರೆಯಲಿ ಎಂದು ಕಾಕಾ ತಲೆ ಮೇಲೆ ಕೈ ಹೊತ್ತು ಕೂತಾಗ ಆಯಿ, “ಬರ್ಯೋದು ಏನರ ಬರಿ ತಮ್ಮಾ, ನೀ ಯಾರ ಮಗ ಅಂತ ಮೊದಲ ತಿಳ್ಕೋ” ಎಂದಿದ್ದಳು. ಆಯಿಯ ಮಾತಿನಿಂದ ಅವನಿಗೆ ನೌಕರಿಯೇನೂ ಸಿಗಲಿಲ್ಲ. ಆ ಅನ್ಯಾಯ ಇವತ್ತಿಗೂ ಹಾಗೆಯೇ ಉಳಿದಿದೆ, ವಿಶ್ವಾಸವಿದೆಯೆಂದು ಅದನ್ನು ಸಣ್ಣದು ಎನ್ನಲಾರೆ.

ಆ ಓದಿನ ಮುಂದಿನ ಸಂತೆಯ ದಿನ ನಾನು ಆಯಿಯ ಜೊತೆಗಿದ್ದೆ. ಸಂತೆಯ ಹಾದಿಯಲ್ಲೊಂದು ಚಹಾದ ಹೋಟೆಲು. ನಮ್ಮ ಕೇರಿಯವರಿಗೆ ಬೇರೆ ಲೋಟ, ಹೊರಗೆ ಗೋಡೆಯ ಗೂಡಿನಲ್ಲಿ. ಕುಡಿದು, ತೊಳೆದು, ಅಲ್ಲೇ ಇಡಬೇಕು. ಆಯಿ ಅವತ್ತು ಆ ಲೋಟ ಮುಟ್ಟಲಿಲ್ಲ. “ಒಳಗ ಬಾಕಿನ ಮ್ಯಾಲೆ ಕುಂತು ಕುಡೀತೀನಪಾ, ರೊಕ್ಕ ಎಲ್ಲಾರಂಗ ಕೊಡ್ತೀನಿ” ಎಂದಳು. ದನಿ ಏರಿಸಲಿಲ್ಲ. ಹೋಟೆಲಿನವನು ಒಲೆಯ ಕಡೆ ಮುಖ ತಿರುಗಿಸಿದ. ಆಯಿ ಸ್ವಲ್ಪ ಹೊತ್ತು ಕಾದು ನೋಡಿ, ನನ್ನ ಕೈ ಹಿಡಿದು ನಡೆದಳು.

ಮರುವಾರ ಮನೆಯಿಂದಲೇ ಬೆಲ್ಲದ ಚಹಾ ಕಾಸಿ ಕ್ಯಾನಿನಲ್ಲಿ ತಂದಳು. ಬೇವಿನ ಗಿಡದ ಕೆಳಗೆ ಕೂತು, ಕಾಯಿಪಲ್ಯ ಮಾರಲು ಬಂದ ನಮ್ಮ ಓಣಿಯ ಹೆಣ್ಣುಮಕ್ಕಳಿಗೆಲ್ಲ ಕರೆಕರೆದು ಬಗ್ಗಿಸಿಕೊಟ್ಟಳು. ಕುಡಿಯುವವರು ಹೆಚ್ಚಾಗಿ ಕ್ಯಾನು ಸಾಲದಾದಾಗ ಟೀಚರಮ್ಮ ತಮ್ಮ ಮನೆಯ ಕೆಟಲ್ ಕೊಟ್ಟರು. ಆ ಹೋಟೆಲಿನ ಗೂಡಿನ ಲೋಟಕ್ಕೆ ಅವರಾರೂ ಮತ್ತೆ ಕೈಹಾಕಲಿಲ್ಲ.