ವೇಗ ತಡೆಯದ ಹಾವು

ಗೇಮಿಂಗ್ ಲ್ಯಾಪ್‌ಟಾಪ್ ಇಟ್ಟುಕೊಂಡವರೆಲ್ಲ ಆಟ ಆಡುತ್ತಾರೆ ಅಂದುಕೊಳ್ಳಬೇಡಿ. ಆಟ ಸರಿಯಾಗಿ ಓಡುತ್ತಿದೆಯೇ ಎಂದು ಕಾವಲು ಕೂರುವವರೇ ನಮ್ಮಲ್ಲಿ ಹಲವರು. ಪರದೆಯ ಮೂಲೆಯಲ್ಲಿ ಎರಡು ಅಂಕಿ ಸದಾ ಮಿನುಗುತ್ತಿರುತ್ತವೆ: ಸೆಕೆಂಡಿಗೆ ಎಷ್ಟು ಫ್ರೇಮು, ಪ್ರೊಸೆಸರ್ ಎಷ್ಟು ಬಿಸಿ. ನಡುವೆ ಆಟದೊಳಗಿನ ನನ್ನ ಕಾರು ತಡೆಗೋಡೆಗೆ ಗುದ್ದಿ ಪಲ್ಟಿಯಾಗುತ್ತದೆ. ಆಗಲಿ. 140 ಇದ್ದ ಫ್ರೇಮು 38ಕ್ಕೆ ಬಿದ್ದದ್ದೇಕೆ ಅನ್ನುವುದು ನನ್ನ ಸಂಕಟ.

'ಮಗಳ ಓದಿಗೆ' ಎಂಬ ಹೆಸರಿನಲ್ಲಿ ಮನೆಗೆ ಬಂದ ಯಂತ್ರವಿದು. ಎರಡೂವರೆ ಕಿಲೋ ತೂಕದ ಇದನ್ನೂ ಇದರ 230 ವಾಟ್ ಚಾರ್ಜರನ್ನೂ ಹೊತ್ತು ಮೆಟ್ರೊ ಹತ್ತಲಾರೆ ಎಂದು ಮಗಳು ತೆಳ್ಳಗಿನದೊಂದನ್ನು ಆರಿಸಿಕೊಂಡಳು. ಇದು ನನ್ನ ಪಾಲಿಗೆ ಉಳಿಯಿತು. ಬೇಸರವಾದವನ ಹಾಗೆ ನಟಿಸಿದೆ.

ಆಟ ಶುರುವಿನಲ್ಲಿ ನುಣುಪಾಗಿ ಓಡುತ್ತದೆ. ಸ್ವಲ್ಪ ಹೊತ್ತಿಗೆ ಫ್ಯಾನು ಚಟ್ನಿ ರುಬ್ಬುವ ಮಿಕ್ಸಿಯ ಹಾಗೆ ಅರಚತೊಡಗುತ್ತದೆ, ಆಟ ಕುಂಟತೊಡಗುತ್ತದೆ. "ಮಾಮ, ಚಾರ್ಜರ್ ಹಾಕಿದ್ರಿ ತಾನೆ?" ಎಂಬುದು ಅಕ್ಕನ ಮಗನ ಮೊದಲ ಪ್ರಶ್ನೆ. ಗ್ರಾಫಿಕ್ಸ್ ಚಿಪ್ ಕೇಳುವಷ್ಟು ವಾಟ್ ಬರೀ ಬ್ಯಾಟರಿಯಿಂದ ಹೊರಡುವುದಿಲ್ಲ. ಚಾರ್ಜರ್ ಹಾಕಿಯೇ ಇತ್ತು. ಆಟವು ದೊಡ್ಡ ಚಿಪ್ ಬಿಟ್ಟು ಪ್ರೊಸೆಸರಿನೊಳಗಿನ ಪುಟ್ಟ ಗ್ರಾಫಿಕ್ಸ್ ಮೇಲೆ ಓಡುತ್ತಿದೆಯೇ? ಇಲ್ಲ. ರ‍್ಯಾಮ್ ಒಂದೇ ಸ್ಟಿಕ್ಕೇ? ಹೌದು, ಇನ್ನೊಂದು ಸ್ಲಾಟು ಖಾಲಿ. ಜೋಡಿ ಇದ್ದರೆ ಮಾಹಿತಿ ಎರಡು ದಾರಿಯಲ್ಲಿ ಹರಿಯುತ್ತದಂತೆ. ಹಾಕಿಸಿದೆ. ಫ್ರೇಮು ಚೂರು ಏರಿತು, ಬಿಸಿ ಮಾತ್ರ ಅದೇ 96 ಡಿಗ್ರಿ. ನೀರು ಕುದಿಯಲು ಇನ್ನು ನಾಲ್ಕೇ ಬಾಕಿ. ಅಷ್ಟು ಕಾದರೆ ಪ್ರೊಸೆಸರ್ ಜೀವ ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. ಈ ವಿವೇಕಕ್ಕೆಂದು ನಾನು ಅಷ್ಟೊಂದು ದುಡ್ಡು ಕೊಟ್ಟಿರಲಿಲ್ಲ.

ಕೊನೆಗೆ ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರೋಡು. ಮಹಡಿಯ ಮೇಲಿನ ಪುಟ್ಟ ಅಂಗಡಿಯ ಹುಡುಗ ತಳ ಬಿಚ್ಚಿದವನೇ ಮೊದಲು ಬ್ಯಾಟರಿಯ ಕನೆಕ್ಟರ್ ಕಿತ್ತ. ಗಾಳಿ ಹೊರಹೋಗುವ ಬಾಯಲ್ಲಿ ನಮ್ಮ ಮನೆಯ ಧೂಳೆಲ್ಲ ಪದರಗಟ್ಟಿತ್ತು. ಬ್ಲೋವರ್ ಹಿಡಿಯುವಾಗ ಫ್ಯಾನನ್ನು ಬೆರಳಿನಿಂದ ಒತ್ತಿ ಹಿಡಿದ. "ಸುಮ್ನೆ ಸುತ್ತೋಕೆ ಬಿಟ್ರೆ ಅದೇ ಕರೆಂಟ್ ಹುಟ್ಸುತ್ತೆ ಸಾರ್, ಬೋರ್ಡಿಗೆ ಒಳ್ಳೇದಲ್ಲ." ತಾಮ್ರದ ಕೊಳವೆ ಎತ್ತಿದರೆ, ಚಿಪ್ಪಿನ ಬಿಸಿಯನ್ನು ಅದಕ್ಕೆ ದಾಟಿಸಬೇಕಾದ ಪೇಸ್ಟು ಒಣಗಿ ಉದುರುತ್ತಿತ್ತು. ಒರೆಸಿ ಹೊಸದು ಹಚ್ಚಿ, "ಗ್ರಾಫಿಕ್ಸ್ ಎಲ್ಲ ಸೂಪರ್ ಸಾರ್, ಬಾಡಿನೇ ಡಬ್ಬಾ" ಎಂದು ಹಿಂಜಿನ ಕಡೆ ತೋರಿಸಿದ. ಹಿಂಜೇನೋ ಗಟ್ಟಿ ಲೋಹದ್ದು. ಆದರೆ ಅದರ ಸ್ಕ್ರೂ ಕೂರುವ ಹಿತ್ತಾಳೆಯ ನಟ್ಟುಗಳನ್ನು ಹುದುಗಿಸಿರುವುದು ಪ್ಲಾಸ್ಟಿಕ್ಕಿನಲ್ಲಿ. ಮುಚ್ಚಳ ಎತ್ತಿದಾಗಲೆಲ್ಲ ಬಿಗಿ ಹಿಂಜು ಪ್ಲಾಸ್ಟಿಕ್ಕನ್ನು ಜಗ್ಗಿ ಜಗ್ಗಿ ಸೀಳಿಬಿಡುತ್ತದೆ. ಜಾಹೀರಾತಿನಲ್ಲಿ ಅಂಕಿಯಾಗಿ ಹೊಳೆಯುವ ಭಾಗಕ್ಕೆ ದುಡ್ಡು ಸುರಿಯುತ್ತಾರೆ. ಪಾಪದ ಹಿಂಜಿಗೆ ಯಾವ ಅಂಕಿ? ಹುಡುಗ ಅಂಟು ತುಂಬಿ ಕೂರಿಸಿಕೊಟ್ಟ. "ಮಧ್ಯ ಹಿಡಿದು ಮೆಲ್ಲಗೆ ತೆಗೀರಿ ಸಾರ್."

82 ಡಿಗ್ರಿ. ಫ್ರೇಮು 130ರಿಂದ ಅಲುಗಲಿಲ್ಲ. ಯಾವ ತೊಂದರೆಯೂ ಇಲ್ಲದ ಆ ಸಂಜೆ ಏನು ಮಾಡುವುದೆಂದೇ ತೋಚಲಿಲ್ಲ. "ಸರಿಹೋಯ್ತಲ್ಲ, ಇನ್ನಾದ್ರೂ ಆಡ್ರಿ" ಅಂದಳು ಹೆಂಡತಿ. ಆಡಿದೆ. ಮಳೆ ಬಿದ್ದ ರಸ್ತೆಯಲ್ಲಿ ದೀಪಗಳು ಪ್ರತಿಫಲಿಸುವ ಚೆಂದದ ಊರು. ಅಲ್ಲಿ ನನಗೆ ಗುರುತಿನವರು ಯಾರೂ ಇರಲಿಲ್ಲ.

ಗುರುತಿನವರಿದ್ದ ಆಟ ನೆನಪಾಯಿತು. ತೊಂಬತ್ತರ ದಶಕದಲ್ಲಿ, ತುಮಕೂರಿನ ಕಂಪ್ಯೂಟರ್ ಕ್ಲಾಸಿನಲ್ಲಿ, ಚಪ್ಪಲಿ ಹೊರಗೆ ಬಿಟ್ಟು ಏಸಿ ಕೋಣೆಗೆ ಹೋಗುತ್ತಿದ್ದೆವು. ಒಂದು ಯಂತ್ರಕ್ಕೆ ಇಬ್ಬರು. ಮೇಷ್ಟ್ರು ಆಚೆ ಹೋದರೆ ನಿಬಲ್ಸ್. 1991ರ ಡಾಸ್ 5ರಲ್ಲಿ ಕ್ಯೂಬೇಸಿಕ್ ಜೊತೆ ಪುಕ್ಕಟೆ ಬಂದ ಆಟ. ಹಾವು ಒಂದೊಂದೇ ಅಂಕಿ ನುಂಗುತ್ತಾ ಉದ್ದವಾಗುತ್ತದೆ, ಅಷ್ಟೆ. ಬಾಣದ ಗುರುತಿನ ಕೀಲಿಗಳ ಸ್ಯಾಮಿ ಎಂಬ ಹಾವು ನಾನು. ಡಬ್ಲ್ಯೂ, ಎ, ಎಸ್, ಡಿ ಒತ್ತುವ ಜೇಕ್ ಪಕ್ಕದ ಗೆಳೆಯ. ಮೊಣಕೈಯಿಂದ ತಿವಿದು ಅವನ ಹಾವನ್ನು ಗೋಡೆಗೆ ಗುದ್ದಿಸುವುದು ನನ್ನ ಮುಖ್ಯ ತಂತ್ರ. ಈಗ ಅವನು ಯಾವ ಊರಿನಲ್ಲಿದ್ದಾನೋ. ಆಗಿನ ಡಬ್ಬಗಳ ಮೇಲೆ ಟರ್ಬೊ ಎಂಬ ಗುಂಡಿಯೂ ಇರುತ್ತಿತ್ತು. ಅದರ ಅಸಲಿ ಕೆಲಸ ಯಂತ್ರವನ್ನು ನಿಧಾನ ಮಾಡುವುದು. ಹೊಸ ಪ್ರೊಸೆಸರಿನ ಓಟ ಹಳೆಯ ಆಟಗಳಿಗೆ ತಡೆಯುತ್ತಿರಲಿಲ್ಲ.

ಅದೇ ಹಾವಿಗಾಗಿ ಈ ಲ್ಯಾಪ್‌ಟಾಪಿನಲ್ಲಿ ಹಳೆಯ ಡಾಸ್ ಆಟ ಓಡಿಸುವ ಡಾಸ್‌ಬಾಕ್ಸ್ ಹಾಕಿ, ವೇಗ ಪೂರ್ತಿ ಬಿಟ್ಟು, ನಿಬಲ್ಸ್ ನಡೆಸಿದೆ. ಶುರುವೇ ಆಗಲಿಲ್ಲ. ಯಂತ್ರದ ವೇಗ ಅಳೆಯಲು ಆ ಆಟ ಮೊದಲು ಸಾವಿರದವರೆಗೆ ಎಣಿಸಿ, ಹಿಡಿದ ಸಮಯದಿಂದ ಭಾಗಿಸುತ್ತದೆ. ನನ್ನದಕ್ಕೆ ಸಮಯವೇ ಹಿಡಿಯಲಿಲ್ಲ. ಸೊನ್ನೆಯಿಂದ ಭಾಗಿಸಲಾರೆ ಎಂದು ಆಟ ಕೈಚೆಲ್ಲಿತು. ಕಂಟ್ರೋಲ್, ಎಫ್11 ಒತ್ತುತ್ತಾ ಕುಳಿತೆ, ಎಸ್.ಪಿ. ರೋಡಿನ ಮಹಡಿ ಹತ್ತಿ ಸಂಪಾದಿಸಿದ ವೇಗವೆಲ್ಲ ಇಳಿದಿಳಿದು ಹೋಯಿತು. ಹಾವು ಹೊರಟಿತು.

"ಮಾಮ, ಇಷ್ಟು ದೊಡ್ಡ ಮಿಷನ್ನಲ್ಲಿ ಈ ಹಾವಾ?" ಎಂದ ಅಕ್ಕನ ಮಗ. ಆದರೆ ಕುರ್ಚಿ ಎಳೆದುಕೊಂಡ.

"ಎಡಗಡೆ ಕೀಲಿ ನಿನ್ನದು. ಆ ಮುಚ್ಚಳಕ್ಕೆ ಕೈ ಊರಬೇಡ ಮಾರಾಯ, ಹಿಂಜು ಜೋಪಾನ!"