ಕೂಗೋ ಗಿಟಾರು

ನಮ್ಮೂರು ಕಡಬ. ದಕ್ಷಿಣ ಕನ್ನಡದ್ದಲ್ಲ ಸ್ವಾಮಿ, ಗುಬ್ಬಿ ತಾಲ್ಲೂಕಿನದು. ಇಲ್ಲಿ ಗಿಟಾರ್ ಅಂದ್ರೆ ನಡುವೆ ದುಂಡು ತೂತು ಇರಬೇಕು ಅನ್ನೋದು ಎಲ್ಲರ ಲೆಕ್ಕ. ನಮ್ಮ ಚಿಕ್ಕಪ್ಪನ ಮಗನ ಹತ್ರ ಇರೋದು ಆರ್ಚ್‌ಟಾಪ್. ಮೇಲಿನ ಹಲಗೆ ಉಬ್ಬಿದೆ, ಪಿಟೀಲಿನ ಹಾಗೆ ಎರಡೂ ಪಕ್ಕ ಎಫ್ ಆಕಾರದ ಸೀಳು, ಒಳಗೆಲ್ಲ ಪೊಳ್ಳು.

ಹೋದ ಗಣೇಶನ ಹಬ್ಬಕ್ಕೆ ಪೆಂಡಾಲಿನಲ್ಲಿ ನುಡಿಸೋಕೆ ಕೂತ. ಸ್ಪೀಕರ್ ಜೋರು ಮಾಡಿದ್ದೇ ತಡ, "ಕೂಂಯ್..." ಅಂತ ಶುರು. ಮೈಕ್ ಸೆಟ್ಟಿನವರು "ವಾದ್ಯಾನೇ ಕೆಟ್ಟೋಗಿದೆ" ಅಂದುಬಿಟ್ರು. ಇವನು ಸಪ್ಪೆ ಮೋರೆ ಹಾಕ್ಕೊಂಡು "ಅಣ್ಣ, ಇದನ್ನ ಮಾರಿ ಪೊಳ್ಳಿಲ್ಲದ ಗಿಟಾರ್ ತಗೊಂಬಿಡ್ಲಾ?" ಅಂದ. ಬೇಡ ಅಂದೆ.

ಯಾಕೆ ಅಂದ್ರೆ, ಅದು ಕೆಟ್ಟಿಲ್ಲ. 19ನೇ ಶತಮಾನದ ಕೊನೆಗೆ ಅಮೆರಿಕದ ಆರ್ವಿಲ್ ಗಿಬ್ಸನ್ ಅನ್ನೋರು ಪಿಟೀಲಿನ ಥರಾನೇ ದಪ್ಪ ಮರ ಕೆತ್ತಿ ಉಬ್ಬು ಹಲಗೆಯ ವಾದ್ಯ ಮಾಡಿದ್ರು. 1920ರ ದಶಕದಲ್ಲಿ ಗಿಬ್ಸನ್ ಕಂಪನಿಯ ಎಲ್-5 ಗಿಟಾರಿಗೆ ಎಫ್ ಸೀಳು ಬಂತು. ಆಗ ಮೈಕು ಸ್ಪೀಕರಿನ ಭರಾಟೆ ಇರಲಿಲ್ಲ. ಜಾಜ್ ತಂಡದ ತುತ್ತೂರಿಗಳ ನಡುವೆ ಗಿಟಾರು ಕೇಳಿಸಬೇಕಿತ್ತು.

ಮಾಮೂಲಿ ಗಿಟಾರಿನಲ್ಲಿ ತಂತಿ ಕಟ್ಟೋ ಬ್ರಿಜ್ಜನ್ನ ಹಲಗೆಗೇ ಅಂಟಿಸಿರ್ತಾರೆ. ಇದರಲ್ಲಿ ತಂತಿಗಳನ್ನ ಬುಡದ ಟೇಲ್‌ಪೀಸಿಗೆ ಸಿಕ್ಕಿಸಿರ್ತಾರೆ. ಬ್ರಿಜ್ಜು ಸುಮ್ಮನೆ ಕೂತಿರುತ್ತೆ, ತಂತಿಯ ಒತ್ತಡವೇ ಅದನ್ನ ಹಿಡಿದಿಡೋದು. ಹಾಗಾಗಿ ದನಿ ಥಟ್ ಅಂತ ಎದ್ದು ಬೇಗ ಆರುತ್ತೆ. ತಾಳ ಹಿಡಿಯೋಕೆ ಹೇಳಿ ಮಾಡಿಸಿದ್ದು.

ಆದರೆ ತಂತಿಗೆ ಅಲ್ಲಾಡೋ ಹಲಗೆ ಸ್ಪೀಕರಿನ ಸದ್ದಿಗೂ ಅಲ್ಲಾಡುತ್ತೆ. ಆ ಅಲುಗು ಪಿಕಪ್ಪಿಗೆ ಹೋಗಿ, ಸ್ಪೀಕರಿಂದ ಇನ್ನೂ ಜೋರಾಗಿ ಬಂದು, ಮತ್ತೆ ಹಲಗೆ ಅಲುಗಿಸುತ್ತೆ. ಅದೇ ಕೂಂಯ್. ಅಂದ್ರೆ ಹಾಡೋದೂ ಆ ಪೊಳ್ಳೇ, ಕೂಗೋದೂ ಆ ಪೊಳ್ಳೇ. 1958ರಲ್ಲಿ ಗಿಬ್ಸನ್‌ನವರೇ ಇಎಸ್-335ರ ಹೊಟ್ಟೆ ನಡುವೆ ಮರದ ದಿಮ್ಮಿ ಇಟ್ಟು ಕೂಗು ತಗ್ಗಿಸಿದ್ರು. ಜೊತೆಗೆ ಆ ತುಂಬು ದನಿಯೂ ಒಂದಿಷ್ಟು ಹೋಯ್ತು.

ನಮ್ಮ ಹುಡುಗನಿಗೆ ಹೇಳಿದ್ದು ಇಷ್ಟೇ: ಸ್ಪೀಕರಿಗೆ ಎದುರಾಗಿ ಕೂರಬೇಡ, ಬೇಸ್ ತಗ್ಗಿಸು, ಆಗಲೂ ಕೂಗಿದ್ರೆ ಸೀಳಿಗೆ ಸ್ಪಂಜು ತುರುಕು. ಮಾರೋ ಮಾತು ಸದ್ಯಕ್ಕೆ ನಿಂತಿದೆ.

ಇಂಥ ಗಿಟಾರ್ ಇರೋರಿಗೆ ಇನ್ನೊಂದು ಮಾತು. ತಂತಿ ಬದಲಿಸುವಾಗ ಒಂದೊಂದಾಗಿ ಬದಲಿಸಿ. ಎಲ್ಲ ಒಟ್ಟಿಗೆ ಬಿಚ್ಚಿದ್ರೋ, ಬ್ರಿಜ್ಜು ಕೈಗೇ ಬರುತ್ತೆ, ಆಮೇಲೆ ಶ್ರುತಿ ಕೂರಿಸೋಕೆ ಅರ್ಧ ದಿನ!