ಮುಹೂರ್ತಕ್ಕೆ ಎರಡೇ ದಿನ!

ಸಿನಿಮಾ ಮುಹೂರ್ತಗಳನ್ನು ಎಷ್ಟೋ ನೋಡಿದ್ದೇನೆ ಮಿತ್ರರೇ. ಹೀರೋ ಬರುವುದು ತಡವಾದರೆ ಕಾಯುತ್ತಾರೆ. ಫೈನಾನ್ಸ್ ಕೈಕೊಟ್ಟರೆ ಇನ್ನೊಂದು ಒಳ್ಳೇ ದಿನ ಹುಡುಕುತ್ತಾರೆ. ಆದರೆ ಒಡಹುಟ್ಟಿದ ಅಕ್ಕನ ಮದುವೆಯ ಮುಹೂರ್ತ? ಅದನ್ನು ಮುಂದೂಡಲು ಯಾವ ನಿರ್ಮಾಪಕನ ಅಪ್ಪನಿಂದಲೂ ಆಗದು!

ಅಣ್ಣಾವ್ರ ‘ಮದುವೆ ಮಾಡಿ ನೋಡು’ ಬಂದದ್ದು 1965ರಲ್ಲಿ. ನಮ್ಮಪ್ಪ ಮದುವೆ ಮಾಡಿ ನೋಡಿದ್ದು 2016ರ ನವೆಂಬರಿನಲ್ಲಿ.

ನಮ್ಮ ಮನೆ ವಿಜಯನಗರದಲ್ಲಿ. 24ನೇ ತಾರೀಖು ಗುರುವಾರ ಧಾರೆ, ಹಿಂದಿನ ಸಂಜೆ ರಿಸೆಪ್ಷನ್. ಮನೆಯಲ್ಲಿ ಮೊದಲ ಮದುವೆ ಅಂತ ಸಾವಿರದ ಇನ್ನೂರು ಲಗ್ನಪತ್ರಿಕೆ ಹಂಚಿದ್ದೆವು. 7ನೇ ತಾರೀಖು ಅಪ್ಪ ಚೀಟಿ ಎತ್ತಿದ ಮೂರು ಲಕ್ಷ ತಂದು ಬೀರುವಿನಲ್ಲಿಟ್ಟರು. ಎಲ್ಲಾ ಐನೂರು, ಸಾವಿರದ ನೋಟು. ಮಾರನೇ ರಾತ್ರಿ ಎಂಟಕ್ಕೆ ಪ್ರಧಾನಿಗಳು ಟಿ.ವಿ.ಯಲ್ಲಿ ಬಂದರು. ಮಧ್ಯರಾತ್ರಿಯಿಂದ ಆ ನೋಟು ನಡೆಯೋಲ್ಲ! ಅಮ್ಮ ಓಡಿಹೋಗಿ ಬೀರು ತೆಗೆದು ನೋಡಿದಳು. ದುಡ್ಡು ಇದ್ದಲ್ಲೇ ಇತ್ತು. ಅಪ್ಪ ಅರ್ಧ ಊಟದಲ್ಲಿ ಎದ್ದು ಕೈ ತೊಳೆದರು.

ನಾನಾಗ ಪಿ.ಯು.ಸಿ.ಗೆ ಶರಣು ಹೊಡೆದು ಒಂದು ವರ್ಷ. ಮನೆಯಲ್ಲಿ ನನ್ನ ಪಾತ್ರ ಕೇಳಬೇಕೆ? ವಿಲನ್ನೂ ಅಲ್ಲ, ಕಾಮಿಡಿಯನ್ನೂ ಅಲ್ಲ, ಬರೀ ಎಕ್ಸ್‌ಟ್ರಾ! ಅಪ್ಪ ನನ್ನೊಡನೆ ನೇರ ಮಾತಾಡುತ್ತಿರಲಿಲ್ಲ. ‘ಅವನಿಗೆ ಹೇಳೇ’ ಅಂತ ಎಲ್ಲವೂ ಅಮ್ಮನ ಬಾಯಲ್ಲಿ ಡಬ್ಬಿಂಗ್.

ಆದರೆ ನನಗೊಂದು ವಿದ್ಯೆ ಒಲಿದಿತ್ತು. ಕ್ಯೂ ನಿಲ್ಲುವುದು! ರಾಜಾಜಿನಗರದ ನವರಂಗ್ ಮುಂದೆ ಮೊದಲ ದಿನದ ಮೊದಲ ಆಟಕ್ಕೆ ನಿಂತು ನಿಂತು ಪಳಗಿದ ಕಾಲು ಸ್ವಾಮಿ. ಬೆಳಿಗ್ಗೆ ಐದಕ್ಕೇ ಬ್ಯಾಂಕಿನ ಬಾಗಿಲಲ್ಲಿ ಹಾಜರು. ಕೌಂಟರಿನಲ್ಲಿ ನೋಟು ಬದಲಾಯಿಸಲು ಮೊದಲು 4,000 ರೂಪಾಯಿ ಮಿತಿ, ಆಮೇಲೆ 4,500, ನವೆಂಬರ್ 18ರಿಂದ ಬರೀ 2,000. ಎರಡನೇ ಸಲ ಬರಬಾರದೆಂದು ಬೆರಳಿಗೆ ಮಸಿ ಬೇರೆ. ಅದೇ, ನಮ್ಮ ಮೈಸೂರಿನಲ್ಲಿ ತಯಾರಾಗುವ ಚುನಾವಣೆ ಮಸಿ. ನಾನು ಅದುವರೆಗೂ ಓಟು ಹಾಕಿದವನಲ್ಲ. ಮಸಿ ಮಾತ್ರ ಬಿತ್ತು!

ಮಿಕ್ಕ ದುಡ್ಡೆಲ್ಲ ಅಪ್ಪನ ಖಾತೆಗೆ ಹೋಯಿತು. ತೆಗೆಯಬೇಕೆಂದರೆ ವಾರಕ್ಕೆ 24,000. ಅದು ಜವಳಿ ಅಂಗಡಿ, ಅಕ್ಕಸಾಲಿಗರ ಮನೆಯಲ್ಲೇ ಕರಗಿತು. ಅದೇ ಹೊತ್ತಿಗೆ, 16ರಂದು, ಮಾಜಿ ಸಚಿವ ಜನಾರ್ದನ ರೆಡ್ಡಿಯವರ ಮಗಳ ಮದುವೆ ಅರಮನೆ ಮೈದಾನದಲ್ಲಿ ನಡೆಯಿತು. ಹಂಪಿಯನ್ನೇ ಇಳಿಸಿದಂಥ ಸೆಟ್ಟು! ಅಲ್ಲಿ ವಿಜಯನಗರ ಸಾಮ್ರಾಜ್ಯ. ಇಲ್ಲಿ ನಮ್ಮ ವಿಜಯನಗರದಲ್ಲಿ ನೂರರ ನೋಟಿಗೂ ಪರದಾಟ.

17ರಂದು ಸಿಹಿ ಸುದ್ದಿ. ಮದುವೆ ಮನೆಯವರು ಎರಡೂವರೆ ಲಕ್ಷ ತೆಗೆಯಬಹುದು! ಅಪ್ಪನ ಮುಖದಲ್ಲಿ ನಗು ಕಂಡದ್ದು ಅವತ್ತೇ. ಆದರೆ ರಿಸರ್ವ್ ಬ್ಯಾಂಕಿನ ನಿಯಮ ಹೊರಬಿದ್ದದ್ದು 21ರಂದು. 22ರ ಬೆಳಿಗ್ಗೆ ಲಗ್ನಪತ್ರಿಕೆ ಹಿಡಿದು ಬ್ಯಾಂಕಿಗೆ ಹೋದರೆ ಗುಮಾಸ್ತರು ತಲೆ ಅಲ್ಲಾಡಿಸಿದರು. ನವೆಂಬರ್ 8ರಂದು ಖಾತೆಯಲ್ಲಿ ಎಷ್ಟಿತ್ತೋ ಅದರಲ್ಲಿ ಮಾತ್ರ ತೆಗೆಯಬೇಕಂತೆ. ಅವತ್ತು ನಮ್ಮ ಖಾತೆಯಲ್ಲಿದ್ದದ್ದು ಒಂಬತ್ತು ಸಾವಿರ ಚಿಲ್ಲರೆ. ಮೂರು ಲಕ್ಷ ಅವತ್ತು ಬೀರುವಿನಲ್ಲಿತ್ತಲ್ಲ! ದುಡ್ಡು ನಮ್ಮದೇ, ಖಾತೆ ನಮ್ಮದೇ, ಮದುವೆ ನಮ್ಮದೇ. ಮುಟ್ಟುವ ಹಾಗಿಲ್ಲ.

ಬ್ಯಾಂಕಿನ ಮೆಟ್ಟಿಲ ಮೇಲೆ ಅಪ್ಪ ಕೂತುಬಿಟ್ಟರು. ಸ್ವಲ್ಪ ಹೊತ್ತು ಬಿಟ್ಟು ನನ್ನ ಕಡೆ ತಿರುಗಿ, “ಈಗೇನೋ ಮಾಡೋದು?” ಅಂದರು. ಅಮ್ಮ ಪಕ್ಕದಲ್ಲಿರಲಿಲ್ಲ. ನನ್ನನ್ನೇ ಕೇಳಿದ್ದು!

ಇಬ್ಬರೂ ಅಲ್ಲೇ ಪಟ್ಟಿ ಬರೆದೆವು. ಛತ್ರದವರಿಗೆ, ದಿನಸಿ ಅಂಗಡಿಗೆ ಚೆಕ್. ಹಾಲಿನ ಬೂತಿನಲ್ಲಿ ಹಳೇ ನೋಟು ಇನ್ನೂ ನಡೆಯುತ್ತಿತ್ತು. ಅಮ್ಮನ ತವರಿನವರ ಹತ್ತಿರ ಉಳಿದಿದ್ದ ನೋಟುಗಳಿಂದ ಹಾಲು, ಮೊಸರು ಮುಗಿಯಿತು. ಅಕ್ಕ, ಅಮ್ಮನ ಖಾತೆಯಲ್ಲಿ ಸಿಕ್ಕಿದ್ದನ್ನು ಕೆ.ಆರ್. ಮಾರ್ಕೆಟ್ಟಿನ ಹೂವಿಗೆ, ಬಾಳೆಲೆಗೆ ಎತ್ತಿಟ್ಟೆವು. ಉಳಿದದ್ದು ವಾಲಗ ಮತ್ತು ಅಡಿಗೆ.

ಕೆಂಗೇರಿಗೆ ಬಸ್ಸು ಹತ್ತಿದೆ. ವಾಲಗದ ಯಜಮಾನರು ನನ್ನ ಕಥೆ ಪೂರ್ತಿ ಕೇಳಲೇ ಇಲ್ಲ. “ದುಡ್ಡಿಲ್ಲ ಅಂತ ತಾಳಿ ಕಟ್ಟೋ ಹೊತ್ತಿಗೆ ಗಟ್ಟಿಮೇಳ ನಿಲ್ಸೋಕಾಗುತ್ತೇನಪ್ಪಾ? ಹೊಸ ನೋಟು ಬಂದಾಗ ತಂದ್ಕೊಡು” ಅಂದರು. ಮನೆತನ ಕೇಳಲಿಲ್ಲ, ಅಡ್ವಾನ್ಸೂ ಕೇಳಲಿಲ್ಲ.

ಅಡಿಗೆ ಭಟ್ಟರು ಹಾಗನ್ನುವಂತಿರಲಿಲ್ಲ. ಬಡಿಸುವ ಹುಡುಗರಿಗೆ ದಿನಗೂಲಿ ಕೊಡಬೇಕು. ರಿಸೆಪ್ಷನ್ ರಾತ್ರಿ ಹನ್ನೊಂದರ ಮೇಲೆ ವರನ ಕಡೆಯವರು ಮಲಗಿದ್ದೇ ತಡ, ಸ್ಟೋರ್ ರೂಮಿನ ಬಾಗಿಲು ಹಾಕಿಕೊಂಡು ಅಪ್ಪ, ಸೋದರಮಾವ, ನಾನು ಮುಯ್ಯಿ ಕವರುಗಳನ್ನು ಒಡೆದೆವು. ನೂರರ ನೋಟುಗಳೆಲ್ಲ ಹುಡುಗರಿಗೆ! ಹಳೇ ಐನೂರನ್ನು ತುರುಕಿ ಕೈತೊಳೆದುಕೊಂಡ ಮಹನೀಯರೂ ಇದ್ದರು. ಮಾವ ನಕ್ಕರು. ಅಪ್ಪ ನಗಲಿಲ್ಲ. “ಒಂದು ಹೆಸರೂ ಬಿಡದೆ ಬರ್ಕೋ. ಮುಯ್ಯಿ ಅಂದ್ರೆ ಸಾಲ” ಅಂದರು. ಬೆಳಗಿನ ಜಾವದವರೆಗೂ ಬರೆದೆ. ನನ್ನ ಬರವಣಿಗೆಗೆ ಅಪ್ಪ ಕೊಟ್ಟ ಮೊದಲ ಕೆಲಸ ಅದೇ.

ಗಟ್ಟಿಮೇಳ ಮೊಳಗಿತು. ಅಕ್ಕ ಗಂಡನ ಮನೆಗೆ ಹೋದಳು.

ಡಿಸೆಂಬರ್ 30. ಹಳೇ ನೋಟು ಬ್ಯಾಂಕಿಗೆ ಕಟ್ಟಲು ಕೊನೇ ದಿನ. ಅವತ್ತೇ ‘ಕಿರಿಕ್ ಪಾರ್ಟಿ’ ಬಿಡುಗಡೆ. ಬೆಳಿಗ್ಗೆ ಅಪ್ಪ ಒಂದು ಕವರು ಕೈಗಿಟ್ಟರು. “ಕೆಂಗೇರಿಗೆ ಹೋಗಿ ವಾಲಗದವರ ಬಾಕಿ ಕೊಟ್ಟು ಬಾ.” ಮತ್ತೆ ಜೇಬಿನಿಂದ ನೂರರ ಎರಡು ನೋಟು ತೆಗೆದು, “ಬರ್ತಾ ಅದ್ಯಾವ್ದೋ ಸಿನಿಮಾ ಅಂತಿದ್ಯಲ್ಲ, ನೋಡ್ಕೊಂಡು ಬಾ” ಅಂದರು.

ನನಗೇ ಹೇಳಿದರು ಮಿತ್ರರೇ. ಡಬ್ಬಿಂಗ್ ಇರಲಿಲ್ಲ!